ಬಿ650 ಮೈಕ್ರೊ-ಎಟಿಎಕ್ಸ್ ಮದರ್‌ಬೋರ್ಡ್: ಎಂಟು ತಿಂಗಳು ಬಳಸಿದ ಮೇಲೆ ಬರೆದ ವಿಮರ್ಶೆ

ಮದರ್‌ಬೋರ್ಡ್ ಬದಲಾಯಿಸಿದ ಮಾತ್ರಕ್ಕೆ ಆಟದ ಫ್ರೇಮ್‌ಗಳು ಹೆಚ್ಚುವುದಿಲ್ಲ. ಪೆಟ್ಟಿಗೆಯ ಮೇಲೆ ಗೇಮಿಂಗ್ ಎಂಬ ಪದವನ್ನು ಎಷ್ಟೇ ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದರೂ, ಅದೇ ಪ್ರೊಸೆಸರ್, ಅದೇ ಗ್ರಾಫಿಕ್ಸ್ ಕಾರ್ಡ್, ಅದೇ ವೇಗದ ರ‍್ಯಾಮ್ ಇಟ್ಟು ನೋಡಿದರೆ, ಮಧ್ಯಮ ದರ್ಜೆಯ ಬೋರ್ಡಿಗೂ ಅದರ ಎರಡರಷ್ಟು ಬೆಲೆಯ ಬೋರ್ಡಿಗೂ ಕಾಣುವ ವ್ಯತ್ಯಾಸ ಒಂದೇ ಪರೀಕ್ಷೆಯನ್ನು ಎರಡು ಸಲ ನಡೆಸಿದಾಗ ಬರುವ ಏರುಪೇರಿನೊಳಗೇ ಅಡಗಿಹೋಗುತ್ತದೆ. ಗಂಟೆಗಟ್ಟಲೆ ಆಡಿದಾಗಲೂ ಪ್ರೊಸೆಸರಿಗೆ ವಿದ್ಯುತ್ತು ಸ್ಥಿರವಾಗಿ ಹರಿಯುತ್ತದೆಯೇ, ಗ್ರಾಫಿಕ್ಸ್ ಕಾರ್ಡನ್ನು ಕೂರಿಸಿದ ಮೇಲೂ ಉಳಿದ ಕನೆಕ್ಟರ್‌ಗಳಿಗೆ ಕೈ ಹೋಗುತ್ತದೆಯೇ, ಮೂರು ವರ್ಷ ಕಳೆದ ಮೇಲೆ ಹೊಸ ಪ್ರೊಸೆಸರನ್ನು ಇದೇ ಬೋರ್ಡ್ ಒಪ್ಪಿಕೊಳ್ಳುತ್ತದೆಯೇ ಎಂಬುದರಲ್ಲಿ ಬೋರ್ಡಿನ ಯೋಗ್ಯತೆ ಇದೆ. ಎಂಟು ತಿಂಗಳಿಂದ ಬಳಸುತ್ತಿರುವ, ಎಎಂಡಿ ಪ್ರೊಸೆಸರ್‌ಗಳಿಗೆಂದು ಇರುವ ಬಿ650 ಚಿಪ್‌ಸೆಟ್‌ನ (ಬೋರ್ಡಿನ ಇತರ ಭಾಗಗಳನ್ನು ಪ್ರೊಸೆಸರಿಗೆ ಬೆಸೆಯುವ ಚಿಪ್) ಒಂದು ಮೈಕ್ರೊ-ಎಟಿಎಕ್ಸ್ (ಚಿಕ್ಕ ಅಳತೆಯ) ಬೋರ್ಡನ್ನು ನಾನು ಆ ದೃಷ್ಟಿಯಿಂದಲೇ ಪರೀಕ್ಷಿಸಿದ್ದೇನೆ.

ತಯಾರಕರ ಹೆಸರನ್ನು ಇಲ್ಲಿ ಬರೆದಿಲ್ಲ. ನನ್ನ ಕೈಗೆ ಬಂದ ಒಂದು ಬೋರ್ಡಿನ ಲೋಪ ಆ ಮಾದರಿಯ ಎಲ್ಲ ಬೋರ್ಡುಗಳಲ್ಲೂ ಇರಬೇಕೆಂದಿಲ್ಲ. ಅಲ್ಲದೆ ಈ ದರ್ಜೆಯ ಬಿ650 ಬೋರ್ಡುಗಳ ಮೂಲ ವಿನ್ಯಾಸದಲ್ಲಿ ಸಾಕಷ್ಟು ಸಾಮ್ಯವಿರುವುದರಿಂದ, ಇಲ್ಲಿ ಹೇಳುವ ಬಹುಪಾಲು ಮಾತು ಬೇರೆ ಕಂಪನಿಗಳ ಬೋರ್ಡುಗಳನ್ನು ತೂಗಿ ನೋಡುವಾಗಲೂ ಉಪಯೋಗಕ್ಕೆ ಬರುತ್ತದೆ. ಮೊದಲ ಐದು ತಿಂಗಳು ಇದರ ಮೇಲಿದ್ದದ್ದು ಎಎಂಡಿಯ ರೈಜನ್ 5 7600 ಪ್ರೊಸೆಸರ್. ಆಮೇಲೆ ರೈಜನ್ 7 7800ಎಕ್ಸ್3ಡಿ. ತಲಾ 16 ಜಿಬಿಯ ಎರಡು ಡಿಡಿಆರ್5-6000 ರ‍್ಯಾಮ್, ಮೂರು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್, ಬೋರ್ಡಿನ ಮೇಲೆಯೇ ನೇರವಾಗಿ ಕೂರುವ ಎರಡು ಎಂ.2 ಎಸ್‌ಎಸ್‌ಡಿ, ಒಂದು ಟವರ್ ಏರ್ ಕೂಲರ್ ಇವು ಉಳಿದ ಭಾಗಗಳು.

ಪೂರ್ಣ ಎಟಿಎಕ್ಸ್ ಬೋರ್ಡಿನ ಅಳತೆ 305 ಮಿ.ಮೀ. ಮತ್ತು 244 ಮಿ.ಮೀ.; ಇಂಟೆಲ್ 1997ರಲ್ಲಿ ಪ್ರಕಟಿಸಿದ ಮೈಕ್ರೊ-ಎಟಿಎಕ್ಸ್ ಮಾನದಂಡದಲ್ಲಿ ಎರಡೂ ಬದಿ ಗರಿಷ್ಠ 244 ಮಿ.ಮೀ. ಹೀಗೆ ಕಳೆದುಹೋಗುವ 61 ಮಿ.ಮೀ. ಬೋರ್ಡಿನ ಕೆಳಭಾಗದ್ದು. ವಿಸ್ತರಣಾ ಸ್ಲಾಟುಗಳ ನಡುವಿನ ಅಂತರ 20.32 ಮಿ.ಮೀ. ಆಗಿರುವುದರಿಂದ, ಆ 61 ಮಿ.ಮೀ. ಎಂದರೆ ಸರಿಯಾಗಿ ಮೂರು ಸ್ಲಾಟುಗಳ ಜಾಗ. ಏಳು ಇದ್ದಲ್ಲಿ ನಾಲ್ಕು ಉಳಿಯುತ್ತವೆ. ಪ್ರೊಸೆಸರ್ ಸಾಕೆಟ್, ಅದರ ಸುತ್ತಲಿನ ವಿದ್ಯುತ್ ಭಾಗಗಳು, ರ‍್ಯಾಮ್ ಸ್ಲಾಟುಗಳು ಇರುವ ಮೇಲಿನ ಅರ್ಧಕ್ಕೆ ಕತ್ತರಿ ಬೀಳುವುದಿಲ್ಲ. ಆದ್ದರಿಂದ ಮೈಕ್ರೊ-ಎಟಿಎಕ್ಸ್ ಎಂದರೆ ದುರ್ಬಲ ಬೋರ್ಡ್ ಎಂಬ ಹಳೆಯ ನಂಬಿಕೆಗೆ ಅಳತೆಯಲ್ಲಂತೂ ಆಧಾರವಿಲ್ಲ. ಇದಕ್ಕಿಂತಲೂ ಚಿಕ್ಕದಾದ, 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್‌ನಲ್ಲಿ ಪರಿಸ್ಥಿತಿ ಬೇರೆ: ಅಲ್ಲಿ ಎರಡೇ ರ‍್ಯಾಮ್ ಸ್ಲಾಟ್, ಒಂದೇ ವಿಸ್ತರಣಾ ಸ್ಲಾಟ್, ಮತ್ತು ಎಲ್ಲವನ್ನೂ ಒತ್ತೊತ್ತಾಗಿ ಹೊಂದಿಸಬೇಕಾದ ಕಾರಣ ಅದೇ ಚಿಪ್‌ಸೆಟ್‌ಗೆ ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಮೇಜಿನ ಮೇಲೆ ಸ್ವಲ್ಪ ಜಾಗ ಉಳಿಸಬೇಕು, ಆದರೆ ಜೋಡಣೆಯ ಕಷ್ಟ ಬೇಡ ಎನ್ನುವವರಿಗೆ ಮೈಕ್ರೊ-ಎಟಿಎಕ್ಸ್ ಸರಿಯಾದ ನಡುದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೈಕ್ರೊ-ಎಟಿಎಕ್ಸ್ ಎಂದು ಮಾರಾಟವಾಗುವ ಎಲ್ಲ ಬೋರ್ಡುಗಳೂ ಪೂರ್ತಿ 244 ಮಿ.ಮೀ. ಅಗಲ ಇರುವುದಿಲ್ಲ. ಅಗ್ಗದ ಮಾದರಿಗಳಲ್ಲಿ ಬಲ ಅಂಚನ್ನು ಕಿರಿದಾಗಿಸಿ, ಆ ಸಾಲಿನ ಸ್ಕ್ರೂ ರಂಧ್ರಗಳನ್ನೇ ಬಿಟ್ಟಿರುತ್ತಾರೆ. ವಿದ್ಯುತ್ತಿನ 24 ಪಿನ್ ಕನೆಕ್ಟರ್ ಇರುವುದು ಆ ಅಂಚಿನಲ್ಲೇ. ಅದನ್ನು ಗಟ್ಟಿಯಾಗಿ ಒತ್ತಬೇಕಾದಾಗ ಕೆಳಗೆ ಆಧಾರವಿಲ್ಲದ ಬೋರ್ಡ್ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ. ನಾನು ಪರೀಕ್ಷಿಸಿದ ಬೋರ್ಡ್ ಪೂರ್ಣ ಅಗಲದ್ದು. ಎಂಟು ಸ್ಕ್ರೂಗಳ ಮೇಲೆ ಅದು ಅಲುಗದೆ ಕೂತಿದೆ, ಮತ್ತು 24 ಪಿನ್ ಕೇಬಲನ್ನು ಹಾಕುವಾಗಲೂ ತೆಗೆಯುವಾಗಲೂ ಭಯವಾಗಲಿಲ್ಲ.

ಈಗ ವಿದ್ಯುತ್ತಿನ ವಿಷಯ. ಮಧ್ಯಮ ದರ್ಜೆಯ ಬೋರ್ಡಿಗೂ ಅಗ್ಗದ ಬೋರ್ಡಿಗೂ ನಿಜವಾದ ಅಂತರ ಹುಟ್ಟುವುದು ಇಲ್ಲಿಯೇ, ಆದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾಗುವುದು ಹೆಚ್ಚುಕಡಿಮೆ 1.2 ವೋಲ್ಟ್. ಈ ಇಳಿಕೆಯನ್ನು ಮಾಡುವ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ವೋಲ್ಟೇಜ್ ಹತ್ತು ಪಟ್ಟು ಇಳಿದಾಗ ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ: 7800ಎಕ್ಸ್3ಡಿ ಪ್ರೊಸೆಸರಿನ ಗರಿಷ್ಠ ಮಿತಿಯಾದ 162 ವ್ಯಾಟನ್ನು 1.2 ವೋಲ್ಟಿನಲ್ಲಿ ಕೊಡಬೇಕೆಂದರೆ ಸುಮಾರು 135 ಆಂಪಿಯರ್ ಹರಿಯಬೇಕು. ಹೆಬ್ಬೆಟ್ಟಿನ ಉಗುರಿಗಿಂತ ಚಿಕ್ಕದಾದ ಚಿಪ್ಪುಗಳ ಒಂದು ಸಾಲು ಈ ಕೆಲಸವನ್ನು ಹಂಚಿಕೊಂಡು ಮಾಡುತ್ತದೆ. ಪರಿವರ್ತನೆಯ ದಕ್ಷತೆ ನೂರಕ್ಕೆ ತೊಂಬತ್ತು ಎಂದು ಹಿಡಿದರೂ, 160 ವ್ಯಾಟ್ ತಲುಪಿಸುವಾಗ ಸುಮಾರು 18 ವ್ಯಾಟ್ ಅಲ್ಲಿಯೇ ಶಾಖವಾಗಿ ಉಳಿಯುತ್ತದೆ. ಶಾಖ ಹೀರಿ ಹೊರಬಿಡುವ ಲೋಹದ ಹೀಟ್‌ಸಿಂಕ್ ಇಲ್ಲದ ಬೋರ್ಡಿನಲ್ಲಿ ಆ ಶಾಖಕ್ಕೆ ಹೋಗಲು ದಾರಿ ಇರುವುದಿಲ್ಲ. ಚಿಪ್ಪುಗಳು ತಮ್ಮ ಮಿತಿಯನ್ನು ಮುಟ್ಟಿದಾಗ ಬೋರ್ಡ್ ಪ್ರೊಸೆಸರಿನ ವೇಗವನ್ನೇ ತಗ್ಗಿಸುತ್ತದೆ. ಆಟದ ಮಧ್ಯೆ ಒಮ್ಮೊಮ್ಮೆ ಕಾರಣವಿಲ್ಲದೆ ಬರುವ ತಡವರಿಕೆಗೆ ಗ್ರಾಫಿಕ್ಸ್ ಕಾರ್ಡನ್ನು ದೂರುವ ಮುನ್ನ ವಿಆರ್‌ಎಂ ಉಷ್ಣತೆಯನ್ನೂ ಒಮ್ಮೆ ನೋಡಬೇಕು.

ಈ ಬೋರ್ಡಿನ ವಿವರಪಟ್ಟಿಯಲ್ಲಿ 12+2+1 ಫೇಸ್ ಎಂದಿದೆ; ವಿಆರ್‌ಎಂನ ಕೆಲಸವನ್ನು ಹಂಚಿಕೊಳ್ಳುವ ಒಂದೊಂದು ಘಟಕಕ್ಕೂ ಫೇಸ್ ಎನ್ನುತ್ತಾರೆ. ಮೊದಲ ಸಂಖ್ಯೆ ಪ್ರೊಸೆಸರಿನ ಕೋರ್‌ಗಳಿಗೆ, ಎರಡನೆಯದು ಮೆಮೊರಿ ಕಂಟ್ರೋಲರ್ ಮುಂತಾದವು ಇರುವ ಎಸ್‌ಒಸಿ ಭಾಗಕ್ಕೆ, ಕೊನೆಯದು ಇತರ ಅಗತ್ಯಗಳಿಗೆ. ಪಟ್ಟಿಯ ಸಂಖ್ಯೆಯನ್ನು ಹಾಗೆಯೇ ನಂಬಬಾರದು. ಈ ಬೋರ್ಡಿನಲ್ಲಿ ನಿಯಂತ್ರಕ ಚಿಪ್ ಹೊರಡಿಸುವ ಸಂಕೇತಗಳು ಆರೇ. ಪ್ರತಿ ಸಂಕೇತವೂ ಎರಡೆರಡು ಪವರ್ ಸ್ಟೇಜ್‌ಗಳನ್ನು (ವೋಲ್ಟೇಜ್ ಇಳಿಸುವ ಚಿಪ್ಪುಗಳನ್ನು) ಜೋಡಿಯಾಗಿ ನಡೆಸುತ್ತದೆ. ಹೀಗೆ ಮಾಡುವುದು ಈ ದರ್ಜೆಯಲ್ಲಿ ರೂಢಿಯೇ ಹೊರತು ಮೋಸವಲ್ಲ. ಕರೆಂಟ್ ಹನ್ನೆರಡು ಕಡೆ ಹಂಚಿಹೋಗುವುದು ನಿಜ, ಮತ್ತು ಶಾಖದ ದೃಷ್ಟಿಯಿಂದ ಮುಖ್ಯವಾದುದು ಅದೇ. 135 ಆಂಪಿಯರನ್ನು ಹನ್ನೆರಡರಿಂದ ಭಾಗಿಸಿದರೆ ಒಂದೊಂದರ ಪಾಲಿಗೆ ಬರುವುದು 11 ಆಂಪಿಯರಿಗೆ ತುಸು ಹೆಚ್ಚು. ಪ್ರತಿ ಸ್ಟೇಜಿಗೆ ಬರೆದಿರುವ ಮಿತಿ 60 ಆಂಪಿಯರ್. ಎಂಟು ಕೋರ್‌ಗಳ ಪ್ರೊಸೆಸರಿಗೆ ಇದು ಧಾರಾಳವಾಯಿತು. 230 ವ್ಯಾಟ್ ತನಕ ಎಳೆಯಬಲ್ಲ ರೈಜನ್ 9 7950ಎಕ್ಸ್ ಕೂರಿಸುವವರಿಗೂ ಇದು ಸಾಲದೆ ಹೋಗದು, ಆದರೆ ಅಂಥವರು ಕ್ಯಾಬಿನೆಟ್ಟಿನ ಗಾಳಿಯ ಹರಿವಿನ ಬಗ್ಗೆ ಹೆಚ್ಚು ಕಾಳಜಿ ವಹಿಸಬೇಕಾಗುತ್ತದೆ.

ಕೋಣೆಯ ಉಷ್ಣತೆ 28 ಡಿಗ್ರಿ ಇದ್ದಾಗ, ಎಲ್ಲ ಕೋರ್‌ಗಳನ್ನೂ ಪೂರ್ತಿ ದುಡಿಸುವ ರೆಂಡರಿಂಗ್ ಕೆಲಸವನ್ನು ಒಂದು ಗಂಟೆ ನಡೆಸಿ ನೋಡಿದೆ. ವಿಆರ್‌ಎಂ ಸಂವೇದಕ 60 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು. ಆಟಗಳಲ್ಲಿ ಅದು ಇನ್ನೂ ಕೆಳಗಿರುತ್ತದೆ, ಏಕೆಂದರೆ 7800ಎಕ್ಸ್3ಡಿ ಆಡುವಾಗ 162 ವ್ಯಾಟಿನ ಹತ್ತಿರಕ್ಕೂ ಹೋಗುವುದಿಲ್ಲ. ಬಹುತೇಕ ಆಟಗಳಲ್ಲಿ 100 ವ್ಯಾಟನ್ನೂ ದಾಟುವುದಿಲ್ಲ. ಇಲ್ಲಿ ಕೂಲರಿನ ಪಾತ್ರವೂ ಇದೆ. ಟವರ್ ಕೂಲರಿನ ಫ್ಯಾನು ನೂಕುವ ಗಾಳಿಯ ಒಂದು ಪಾಲು ಪಕ್ಕದ ಹೀಟ್‌ಸಿಂಕುಗಳನ್ನೂ ಸವರಿಕೊಂಡು ಹೋಗುತ್ತದೆ. ಲಿಕ್ವಿಡ್ ಕೂಲರ್ ಹಾಕಿದರೆ ಸಾಕೆಟ್ಟಿನ ಸುತ್ತ ಗಾಳಿಯೇ ಆಡುವುದಿಲ್ಲ, ಅದೇ ಬೋರ್ಡ್ ಅಲ್ಲಿ ಹೆಚ್ಚು ಬಿಸಿಯಾಗುತ್ತದೆ. ಹೀಟ್‌ಸಿಂಕುಗಳು ಸ್ಕ್ರೂಗಳಿಂದ ಬಿಗಿದವು, ತೂಕವಾಗಿವೆ. ಆದರೆ ಶಾಖ ಬಿಡಲು ಅಗತ್ಯವಾದ ಸೀಳುಗಳು ಕಡಿಮೆ, ಹೊರಮೈಯ ಅಲಂಕಾರ ಹೆಚ್ಚು. ಅದೇ ಲೋಹದಲ್ಲಿ ಇನ್ನೂ ಆಳವಾದ ನಾಲ್ಕಾರು ಸೀಳು ಕೊಟ್ಟಿದ್ದರೆ ಮೇಲ್ಮೈ ಹೆಚ್ಚುತ್ತಿತ್ತು.

ಸ್ಲಾಟುಗಳ ಹಂಚಿಕೆಯನ್ನು ಖರೀದಿಗೆ ಮುನ್ನ ಕಾಗದದ ಮೇಲೆ ಬರೆದುಕೊಂಡು ನೋಡುವುದು ಒಳ್ಳೆಯದು. ಈ ಬೋರ್ಡಿನ ಎಎಂ5 ಎಂಬ ಸಾಕೆಟ್ಟಿಗೆ ಬರುವ ರೈಜನ್ 7000 ಸರಣಿಯ ಪ್ರೊಸೆಸರ್‌ಗಳು ಒಟ್ಟು 28 ಪಿಸಿಐಇ ಲೇನ್‌ಗಳನ್ನು, ಅಂದರೆ ದತ್ತಾಂಶ ಸಾಗುವ ದಾರಿಗಳನ್ನು, ಕೊಡುತ್ತವೆ: ಗ್ರಾಫಿಕ್ಸ್ ಕಾರ್ಡಿಗೆ 16, ಎಂ.2 ಎಸ್‌ಎಸ್‌ಡಿಗಳಿಗೆ ನಾಲ್ಕು ನಾಲ್ಕರಂತೆ ಎಂಟು, ಚಿಪ್‌ಸೆಟ್‌ಗೆ ಸಂಪರ್ಕ ಕಲ್ಪಿಸಲು ಉಳಿದ ನಾಲ್ಕು. ಈ ಬೋರ್ಡಿನಲ್ಲಿ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇಯ ನಾಲ್ಕನೆಯ ತಲೆಮಾರಿನದು, ಮೇಲಿನ ಎಂ.2 ಸ್ಲಾಟ್ ಐದನೆಯದು, ಕೆಳಗಿನ ಎಂ.2 ಮತ್ತೆ ನಾಲ್ಕನೆಯದು. ಗ್ರಾಫಿಕ್ಸ್‌ಗೆ ಐದನೆಯ ತಲೆಮಾರು ಬೇಕೆಂದರೆ ಬಿ650ಇ ಬೋರ್ಡುಗಳಿವೆ. ಆದರೆ ನಾಲ್ಕನೆಯ ತಲೆಮಾರಿನ 16 ಲೇನ್‌ಗಳು ಪ್ರತಿ ದಿಕ್ಕಿನಲ್ಲೂ ಸೆಕೆಂಡಿಗೆ ಸುಮಾರು 31 ಗಿಗಾಬೈಟ್ ಸಾಗಿಸಬಲ್ಲವು, ಆಟಗಳಿಗೆ ಅದು ಕಡಿಮೆಯೇನಲ್ಲ. ಎಸ್‌ಎಸ್‌ಡಿಯ ವಿಷಯದಲ್ಲೂ ಅಷ್ಟೇ: ನಾಲ್ಕನೆಯ ತಲೆಮಾರಿನ ಒಳ್ಳೆಯ ಎಸ್‌ಎಸ್‌ಡಿ ಸೆಕೆಂಡಿಗೆ 7,000 ಮೆಗಾಬೈಟ್ ಓದುತ್ತದೆ, ಐದನೆಯದು ಅದಕ್ಕಿಂತ ಬಹಳ ಹೆಚ್ಚು ಓದುತ್ತದೆ, ಮತ್ತು ಆಟ ತೆರೆದುಕೊಳ್ಳುವ ಹೊತ್ತಿನಲ್ಲಿ ಆ ಅಂತರ ಕೈಗೆ ಸಿಗುವುದೇ ಇಲ್ಲ. ಐದನೆಯ ತಲೆಮಾರಿನ ಎಂ.2 ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಇದೇ ಸಾಕೆಟ್ಟಿಗೆ ಬರುವ ರೈಜನ್ 8000ಜಿ ಸರಣಿಯನ್ನು ಕೊಳ್ಳಲು ಯೋಚಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. 8700ಜಿ ಮತ್ತು 8600ಜಿ ಗ್ರಾಫಿಕ್ಸ್ ಸ್ಲಾಟಿಗೆ ಎಂಟೇ ಲೇನ್ ಕೊಡುತ್ತವೆ; 8500ಜಿ ಕೊಡುವುದು ನಾಲ್ಕು. ಬೋರ್ಡಿನ ಮೇಲೆ 16 ಎಂದು ಬರೆದಿದ್ದರೂ ಲೇನ್‌ಗಳು ಬರುವುದು ಪ್ರೊಸೆಸರಿನಿಂದ. ಮೊದಲು 8000ಜಿಯ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡಿ, ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಜನೆ ಇದ್ದವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಾಲ್ಕು ಸ್ಲಾಟುಗಳ ಜಾಗದಲ್ಲಿ ಮೂರನ್ನು ನನ್ನ ಕಾರ್ಡೇ ನುಂಗಿದೆ. ಉಳಿದ ಒಂದು ಸ್ಥಾನದಲ್ಲಿ ನೋಡಲು ಪೂರ್ಣ ಉದ್ದದ, ಒಳಗೆ ನಾಲ್ಕೇ ಲೇನ್‌ಗಳಿರುವ ಸ್ಲಾಟ್ ಇದೆ. ಅಲ್ಲಿ ಏನನ್ನಾದರೂ ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಗಾಳಿ ಎಳೆಯುವ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ಕ್ಯಾಪ್ಚರ್ ಕಾರ್ಡ್, ಸೌಂಡ್ ಕಾರ್ಡ್ ಹಾಕಲೇಬೇಕಾದವರು ದಪ್ಪ ಗ್ರಾಫಿಕ್ಸ್ ಕಾರ್ಡಿನ ಜೊತೆಗೆ ಮೈಕ್ರೊ-ಎಟಿಎಕ್ಸ್ ತೆಗೆದುಕೊಳ್ಳಬಾರದು. ಎರಡನೆಯ ಎಂ.2 ಸ್ಲಾಟ್ ಇರುವುದು ಕಾರ್ಡಿನ ಅಡಿಯಲ್ಲಿ. ಮೂರನೆಯ ತಿಂಗಳಲ್ಲಿ ಎರಡನೆಯ ಎಸ್‌ಎಸ್‌ಡಿ ಹಾಕಲು ಇಡೀ ಕಾರ್ಡನ್ನು ಹೊರತೆಗೆಯಬೇಕಾಯಿತು, ಮತ್ತು ಈ ಬೋರ್ಡಿನ ಅತಿ ದೊಡ್ಡ ಲೋಪ ನನಗೆ ಗೊತ್ತಾದದ್ದು ಆಗಲೇ. ಕಾರ್ಡನ್ನು ಹಿಡಿದಿಡುವ ಚಿಲಕ ಸ್ಲಾಟಿನ ಬಲತುದಿಯಲ್ಲಿದೆ. ಕಾರ್ಡಿನ ದಪ್ಪನೆಯ ಹಿಂಫಲಕಕ್ಕೂ ಕೂಲರಿನ ಕೆಳ ಅಂಚಿಗೂ ನಡುವೆ ಒಂದು ಬೆರಳು ಕೂಡ ಸರಿಯಾಗಿ ಇಳಿಯುವುದಿಲ್ಲ. ಕಣ್ಣಿಗೆ ಕಾಣದ ಚಿಲಕವನ್ನು ಮರದ ಚಪ್ಪಟೆ ಕಡ್ಡಿಯೊಂದರಿಂದ ತಡವಿ, ಇನ್ನೊಂದು ಕೈಯಲ್ಲಿ ಒಂದೂವರೆ ಕಿಲೋ ತೂಕದ ಕಾರ್ಡನ್ನು ಆತುಕೊಂಡು ಒತ್ತಬೇಕಾಯಿತು. ಸ್ಕ್ರೂಡ್ರೈವರ್ ಬಳಸಿದ್ದರೆ ಅದು ಜಾರಿ ಬೋರ್ಡಿನ ಮೇಲಿನ ಸಣ್ಣ ತಾಮ್ರದ ಗೆರೆಯನ್ನು ಕೀರುವ ಅಪಾಯ ಇತ್ತು. ಬೋರ್ಡಿನ ಅಂಚಿನಲ್ಲಿ ಗುಂಡಿ ಒತ್ತಿದರೆ ಚಿಲಕ ಬಿಡುವ ವ್ಯವಸ್ಥೆ ಈಗ ಕೆಲವು ಬೋರ್ಡುಗಳಲ್ಲಿ ಬಂದಿದೆ. ಆಡುವ ಕಂಪ್ಯೂಟರಿಗೆ ಬೋರ್ಡ್ ಆರಿಸುವವರು ದೀಪಾಲಂಕಾರಕ್ಕಿಂತ ಮೊದಲು ಅದನ್ನು ಹುಡುಕಬೇಕು.

ಉಳಿದ ಜೋಡಣೆ ಸುಗಮವಾಗಿಯೇ ನಡೆಯಿತು. ಎಎಂ5 ಸಾಕೆಟ್ಟಿನಲ್ಲಿ 1718 ಸಂಪರ್ಕ ಪಿನ್ನುಗಳಿವೆ, ಮತ್ತು ಹಿಂದಿನ ಎಎಂ4ರ ಹಾಗಲ್ಲದೆ ಅವು ಇರುವುದು ಬೋರ್ಡಿನ ಮೇಲೆ. ಪಿನ್ ಬಾಗಿದರೆ ಹೋಗುವುದು ಈಗ ಪ್ರೊಸೆಸರ್ ಅಲ್ಲ, ಬೋರ್ಡ್. ಪೆಟ್ಟಿಗೆ ತೆರೆದ ಕೂಡಲೇ ಸಾಕೆಟ್ಟಿನ ಪಿನ್ನುಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು: ಎಲ್ಲವೂ ಸರಿ ಇದ್ದರೆ ಸಾಲುಗಳು ಬಿತ್ತಿದ ಹೊಲದ ಹಾಗೆ ಒಂದೇ ಸಮನೆ ಹೊಳೆಯುತ್ತವೆ, ಒಂದು ಬಾಗಿದ್ದರೂ ಅಲ್ಲಿ ಹೊಳಪು ಮುರಿಯುತ್ತದೆ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬಾರದು; ಬೋರ್ಡನ್ನು ವಾರಂಟಿಗೆ ಕಳಿಸುವ ಸಂದರ್ಭ ಬಂದರೆ ಅದು ಬೇಕಾಗುತ್ತದೆ. ಎಎಂ5ರಲ್ಲಿ ಬೋರ್ಡಿನ ಹಿಂಬದಿಯ ಲೋಹದ ಫಲಕ ಸಾಕೆಟ್ಟನ್ನೇ ಹಿಡಿದಿರುವುದರಿಂದ ಅದನ್ನು ತೆಗೆಯುವಂತಿಲ್ಲ. ಎಎಂ4 ಕಾಲದ ಬಹಳಷ್ಟು ಕೂಲರ್‌ಗಳು ಇದಕ್ಕೆ ಹೊಂದುತ್ತವೆ, ಆದರೆ ತಮ್ಮದೇ ಹಿಂಫಲಕವನ್ನು ಬಳಸುವ ಕೂಲರ್‌ಗಳು ಹೊಂದುವುದಿಲ್ಲ. ಎಂ.2 ಎಸ್‌ಎಸ್‌ಡಿಯನ್ನು ಹಿಡಿಯಲು ಸ್ಕ್ರೂ ಬದಲು ತಿರುಗಿಸುವ ಪ್ಲಾಸ್ಟಿಕ್ ಕೊಕ್ಕೆ ಕೊಟ್ಟಿದ್ದಾರೆ. ಕೈಜಾರಿ ಕ್ಯಾಬಿನೆಟ್ಟಿನ ತಳ ಸೇರುವ ಆ ಪುಟ್ಟ ಸ್ಕ್ರೂವಿನ ಕಾಟ ಇದರಿಂದ ತಪ್ಪಿದೆ.

ದೀಪದ ಪಟ್ಟಿಗಳನ್ನು ಜೋಡಿಸುವವರಿಗೆ ಒಂದು ಮಾತು. ಮೂರು ಪಿನ್ನಿನ ಹೆಡರ್ 5 ವೋಲ್ಟಿನದು, ನಾಲ್ಕು ಪಿನ್ನಿನದು 12 ವೋಲ್ಟಿನದು. 5 ವೋಲ್ಟಿನ ಪಟ್ಟಿಗೆ 12 ವೋಲ್ಟ್ ಹರಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಎಲ್ಲವನ್ನೂ ಜೋಡಿಸಿ ಮೊದಲ ಬಾರಿ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಬಲ ಮೇಲ್ತುದಿಯಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿವೆ. ರ‍್ಯಾಮ್‌ನ ದೀಪ ಹೊತ್ತಿಕೊಂಡು ನಿಂತಿತ್ತು. ಇದು ದೋಷವಲ್ಲ. ಡಿಡಿಆರ್5ರ ವೇಗದಲ್ಲಿ ಪ್ರತಿ ಸಂಕೇತ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದನ್ನು ಮೆಮೊರಿ ಕಂಟ್ರೋಲರ್ ತಾನೇ ಅಳೆದು ಹೊಂದಿಸಿಕೊಳ್ಳಬೇಕು. ಮೊದಲ ಸಲ ಇದಕ್ಕೆ ಕೆಲವು ನಿಮಿಷಗಳೇ ಬೇಕು. ಗಾಬರಿಯಾಗಿ ಮಧ್ಯದಲ್ಲಿ ವಿದ್ಯುತ್ ಕಡಿದರೆ ಅಷ್ಟೂ ಕೆಲಸ ಮೊದಲಿನಿಂದ ಶುರುವಾಗುತ್ತದೆ. ನಾಲ್ಕನೆಯ ನಿಮಿಷದಲ್ಲಿ ಪರದೆ ಬೆಳಗಿತು. ಆ ನಾಲ್ಕು ದೀಪಗಳಿಲ್ಲದ ಬೋರ್ಡಾಗಿದ್ದರೆ ನಾನು ಎರಡನೆಯ ನಿಮಿಷದಲ್ಲೇ ಎಲ್ಲವನ್ನೂ ಬಿಚ್ಚಲು ಕೂರುತ್ತಿದ್ದೆ ಎಂಬುದರಲ್ಲಿ ಸಂಶಯವಿಲ್ಲ.

ರ‍್ಯಾಮ್‌ಗೆ ನಾಲ್ಕು ಸ್ಲಾಟುಗಳಿದ್ದರೂ ಎರಡನ್ನೇ ಬಳಸುವುದು ಲೇಸು. ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳು ಅದಕ್ಕೆ ಸರಿಯಾದವು. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ರ‍್ಯಾಮ್‌ಗಳಿದ್ದರೆ 5200, ನಾಲ್ಕಿದ್ದರೆ 3600. ರ‍್ಯಾಮ್‌ನ ಹೆಚ್ಚಿನ ವೇಗಕ್ಕೆ ಮೊದಲೇ ಹೊಂದಿಸಿಟ್ಟ ಎಕ್ಸ್‌ಪೊ ಎಂಬ ಪ್ರೊಫೈಲನ್ನು ಬಯಾಸ್‌ನಲ್ಲಿ (ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಆರಿಸಿದರೆ ಎರಡು ರ‍್ಯಾಮ್‌ಗಳು 6000ದಲ್ಲಿ ನಿರಾಯಾಸವಾಗಿ ಓಡುತ್ತವೆ. ಈ ಬೋರ್ಡಿನಲ್ಲಿ ಎಂಟು ತಿಂಗಳಲ್ಲಿ ಒಮ್ಮೆಯೂ ತಪ್ಪು ಕಾಣಿಸಿಕೊಂಡಿಲ್ಲ. ಈಗ 16 ಜಿಬಿಯ ಒಂದು ಜೋಡಿ, ಮುಂದೆ ಮತ್ತೊಂದು ಜೋಡಿ ಎಂದು ಯೋಚಿಸುವವರು, ಆ ದಿನ ಬಂದಾಗ ಹಳೆಯ ಜೋಡಿಯನ್ನು ತೆಗೆದು ದೊಡ್ಡ ಜೋಡಿಯನ್ನೇ ಹಾಕಬೇಕಾದೀತು ಎಂಬುದನ್ನು ಈಗಲೇ ತಿಳಿದಿರಬೇಕು.

ಎಕ್ಸ್‌ಪೊ ಆರಿಸಿದ ಮೊದಲ ದಿನವೇ ಒಂದು ಸಂಗತಿ ನನ್ನನ್ನು ಆತಂಕಕ್ಕೆ ಈಡುಮಾಡಿತು. ಬೋರ್ಡಿನಲ್ಲಿ ಇದ್ದದ್ದು 2022ರ ಬಯಾಸ್. ಅದು ಎಸ್‌ಒಸಿ ವೋಲ್ಟೇಜನ್ನು ತಾನಾಗಿ 1.35ಕ್ಕೆ ಏರಿಸಿತ್ತು. 2023ರ ವಸಂತದಲ್ಲಿ 7000 ಸರಣಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಕೆಲವೆಡೆ ಸುಟ್ಟ ಪ್ರಕರಣಗಳು ವರದಿಯಾದಾಗ, ಎಎಂಡಿ ಈ ವೋಲ್ಟೇಜಿಗೆ 1.3ರ ಮಿತಿ ವಿಧಿಸಿ, ಅದನ್ನು ಬಯಾಸ್ ನವೀಕರಣಗಳ ಮೂಲಕ ಎಲ್ಲ ತಯಾರಕರಿಗೂ ತಲುಪಿಸಿತು. ಹಳೆಯ ದಾಸ್ತಾನಿನ ಬೋರ್ಡ್ ಕೊಂಡವರಿಗೆ ಈ ನವೀಕರಣ ತಾನಾಗಿ ಬರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಎಕ್ಸ್3ಡಿ ಪ್ರೊಸೆಸರ್ ಹಾಕುವವರು ಬೇರೆ ಯಾವ ಕೆಲಸಕ್ಕೂ ಮುನ್ನ ಇದನ್ನು ಮಾಡಬೇಕು ಎಂದು ಒತ್ತಿ ಹೇಳುತ್ತೇನೆ. ನವೀಕರಿಸಿದ ಮೇಲೆ ಅದೇ ರ‍್ಯಾಮ್, ಅದೇ 6000 ವೇಗದಲ್ಲಿ ಎಸ್‌ಒಸಿ ವೋಲ್ಟೇಜ್ 1.25ರ ಆಸುಪಾಸಿಗೆ ಇಳಿದು ಅಲ್ಲೇ ನಿಂತಿದೆ.

ಬಯಾಸ್‌ನ ವಿನ್ಯಾಸದ ಬಗ್ಗೆ ದೂರುಗಳಿಲ್ಲ. ಫ್ಯಾನ್ ನಿಯಂತ್ರಣ ಚೆನ್ನಾಗಿದೆ, ಆದರೆ ಮೊದಲಿಗೆ ಇದ್ದ ಹೊಂದಾಣಿಕೆ ಒಪ್ಪುವಂಥದ್ದಲ್ಲ. ರೈಜನ್ 7000 ಪ್ರೊಸೆಸರ್‌ಗಳ ಉಷ್ಣತೆ ಒಂದು ಕ್ಲಿಕ್ಕಿಗೆ ಹತ್ತು ಹದಿನೈದು ಡಿಗ್ರಿ ಏರಿ ಮರುಕ್ಷಣವೇ ಇಳಿಯುತ್ತದೆ. ಫ್ಯಾನು ಅದರ ಹಿಂದೆಯೇ ಓಡಿ, ಬ್ರೌಸರ್ ತೆರೆದರೂ ಭುಸ್ಸೆಂದು ಸದ್ದು ಮಾಡುತ್ತಿತ್ತು. ವೇಗ ಏರುವ ಮುನ್ನ ಕಾಯುವ ಅವಧಿಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದ ಮೇಲೆ ಆ ತೊಂದರೆ ಪೂರ್ತಿ ನಿಂತಿತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡುವವರಿಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ಸೌಲಭ್ಯಗಳು ಬೇಕು; ಮೊದಲನೆಯದು ಇಲ್ಲಿ ತೆರೆದೇ ಇರುತ್ತದೆ, ಎರಡನೆಯದನ್ನು ಮೂರು ಪುಟ ಒಳಗೆ ಹೋಗಿ ನಾವೇ ತೆರೆಯಬೇಕು.

ಜಾಲ ಮತ್ತು ಧ್ವನಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2.5 ಗಿಗಾಬಿಟ್ ಈಥರ್ನೆಟ್ ಒಮ್ಮೆಯೂ ಕಡಿದುಹೋಗಿಲ್ಲ. ವೈಫೈ 6ಇ ಸ್ಥಿರವಾಗಿದೆ, ಆದರೆ ಜೊತೆಗೆ ಕೊಟ್ಟ ಆಂಟೆನಾವನ್ನು ಕ್ಯಾಬಿನೆಟ್ಟಿನ ಹಿಂದೆ ಗೋಡೆಗೆ ಒತ್ತಿ ಇಡದೆ ಮೇಲಕ್ಕೆ ತಂದಿಟ್ಟರೆ ಮಾತ್ರ. ಧ್ವನಿಗೆ ಹಾಕಿರುವುದು ಅಗ್ಗದ ಕೊಡೆಕ್ ಚಿಪ್. ಸಾಧಾರಣ ಹೆಡ್‌ಸೆಟ್‌ಗಳಿಗೆ ಸಾಕು; ಹೆಚ್ಚು ಓಮ್‌ನ ಹೆಡ್‌ಫೋನ್‌ಗಳನ್ನು ಜೋಡಿಸಿದರೆ ಧ್ವನಿ ಕ್ಷೀಣಿಸುತ್ತದೆ, ಅಂಥವರು ಯುಎಸ್‌ಬಿ ಡ್ಯಾಕ್ (ಧ್ವನಿಗೆಂದೇ ಇರುವ ಹೊರಗಿನ ಸಾಧನ) ಇಟ್ಟುಕೊಳ್ಳುವುದು ಒಳಿತು. ಹಿಂಬದಿಯ ಯುಎಸ್‌ಬಿ ಪೋರ್ಟುಗಳು ಎಂಟು. ಅವುಗಳಲ್ಲಿ ನಾಲ್ಕು ಹಳೆಯ 2.0 ವೇಗದವು. ಕೀಬೋರ್ಡು, ಮೌಸು, ಕಂಟ್ರೋಲರು, ಮೈಕು ಇವಕ್ಕೆ ಆ ನಾಲ್ಕು ಹೋಗುತ್ತವೆ, ತೊಂದರೆಯಾಗಿಲ್ಲ.

ಇನ್ನು ಉಳಿದದ್ದು ಮುಂದಿನ ವರ್ಷಗಳ ಮಾತು. ಬಿ650 ಬೋರ್ಡುಗಳು ಬಂದದ್ದು 2022ರ ಅಕ್ಟೋಬರಿನಲ್ಲಿ. ಆನಂತರ ಬಂದ ಬಿ850 ಚಿಪ್‌ಸೆಟ್‌ನ ಒಳಗಿರುವ ಸಿಲಿಕಾನ್ ಕೂಡ ಅದೇ. ಹೊಸ ಸಂಖ್ಯೆಗಾಗಿ ಹೆಚ್ಚು ಹಣ ತೆರುವ ಮೊದಲು ಎರಡೂ ಬೋರ್ಡುಗಳ ವಿಆರ್‌ಎಂ ಮತ್ತು ಪೋರ್ಟುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಎಎಂ5 ಸಾಕೆಟ್ಟಿಗೆ 2027 ಮತ್ತು ಅದರ ನಂತರವೂ ಬೆಂಬಲ ಮುಂದುವರಿಯುವುದಾಗಿ ಎಎಂಡಿ ಹೇಳಿದೆ. ಹಾಗಿರುವಾಗ ಹಳೆಯ ಬಯಾಸ್ ಇರುವ ಬೋರ್ಡಿಗೆ ಹೊಸ ಪ್ರೊಸೆಸರನ್ನು ಪರಿಚಯಿಸುವ ದಾರಿ ಸುಲಭವಾಗಿರಬೇಕು. ಈ ಬೋರ್ಡಿನ ಹಿಂಬದಿಯಲ್ಲಿ ಅದಕ್ಕೆಂದೇ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆ. ಐದನೆಯ ತಿಂಗಳಲ್ಲಿ ಪ್ರೊಸೆಸರ್ ಬದಲಾಯಿಸುವಾಗ ಅದನ್ನು ಪರೀಕ್ಷಿಸಲೆಂದೇ 7600 ತೆಗೆದು, ಸಾಕೆಟ್ ಖಾಲಿ ಇರುವಾಗಲೇ ಫ್ಯಾಟ್32 ಮಾದರಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವನ್ನು ಗುರುತು ಮಾಡಿದ ಪೋರ್ಟಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಪ್ರೊಸೆಸರಿಲ್ಲ, ರ‍್ಯಾಮಿಲ್ಲ, ಎಸ್‌ಎಂಪಿಎಸ್‌ನ ಕೇಬಲ್‌ಗಳು ಮಾತ್ರ. ಗುಂಡಿಯ ಪಕ್ಕದ ದೀಪ ಐದಾರು ನಿಮಿಷ ಮಿನುಗಿ ಆರಿತು. 7800ಎಕ್ಸ್3ಡಿ ಕೂರಿಸಿ ಚಾಲೂ ಮಾಡಿದಾಗ, ಮತ್ತೆ ಆ ಕಪ್ಪು ಪರದೆಯ ಕೆಲವು ನಿಮಿಷಗಳ ನಂತರ, ಹೊಸ ಪ್ರೊಸೆಸರಿನ ಹೆಸರು ಬಯಾಸ್‌ನಲ್ಲಿ ಸರಿಯಾಗಿ ಕಾಣಿಸಿಕೊಂಡಿತು.

ನವೀಕರಣವಾದಾಗ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗುತ್ತವೆ. ಪ್ರೊಫೈಲನ್ನು ಪೆನ್‌ಡ್ರೈವಿಗೆ ಉಳಿಸುವ ಸೌಲಭ್ಯ ಇದೆಯಾದರೂ, ಹಳೆಯ ಬಯಾಸ್‌ನಲ್ಲಿ ಉಳಿಸಿದ್ದನ್ನು ಹೊಸ ಆವೃತ್ತಿ ಸ್ವೀಕರಿಸಲಿಲ್ಲ. ರ‍್ಯಾಮ್ 4800ಕ್ಕೆ ಮರಳಿತ್ತು, ಫ್ಯಾನು ಮತ್ತೆ ಭುಸುಗುಡುತ್ತಿತ್ತು. ಗುಂಡಿ ಒತ್ತುವ ಮೊದಲು ಬಯಾಸ್‌ನ ಪ್ರತಿ ಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದು ಇಟ್ಟುಕೊಂಡಿದ್ದೆ. ಎಕ್ಸ್‌ಪೊ, ಫ್ಯಾನಿನ ಮೂರು ಸೆಕೆಂಡು, ಸೆಕ್ಯೂರ್ ಬೂಟ್ ಎಲ್ಲವನ್ನೂ ಆ ಚಿತ್ರಗಳನ್ನು ನೋಡಿಕೊಂಡು ಹತ್ತು ನಿಮಿಷದಲ್ಲಿ ಮತ್ತೆ ತುಂಬಿದೆ.